ಕಡಲಗಳ್ಳನ ಪರ ಒಂದು ವಕಾಲತ್ತು

ಅಡ್ಡಹೆಸರು ಅಂಟಿಕೊಳ್ಳಲು ಅರೆಗಳಿಗೆ ಸಾಕು, ಬಿಟ್ಟುಹೋಗಲು ಮೂರು ತಲೆಮಾರೂ ಸಾಲದು. ಊರಿನಲ್ಲಿ ಯಾರೋ ಒಬ್ಬ ಎಂದೋ ಒಂದು ಸಂಜೆ ಪಕ್ಕದ ತೋಟದಿಂದ ಎರಡು ಎಳನೀರು ಇಳಿಸಿ ಸಿಕ್ಕಿಬಿದ್ದನೆನ್ನಿ. ಆಮೇಲೆ ಅವನು ಗುಡಿಗೆ ಗಂಟೆ ಕೊಡಿಸಲಿ, ಕೆರೆಯ ಹೂಳು ತೆಗೆಸಲಿ, ಅವನ ಮೊಮ್ಮಗಳು ಡಾಕ್ಟರಾಗಿ ಅದೇ ಊರಿಗೆ ಬರಲಿ, ವಿಳಾಸ ಕೇಳಿದವರಿಗೆ ಜನ ಹೇಳುವುದು ‘ಎಳನೀರು ಕಳ್ಳನ ಮನೆಯಾ, ಅಗೋ ಅಲ್ಲಿ’ ಎಂದೇ. ಅವನು ಅರವತ್ತು ವರ್ಷ ಬೆವರು ಸುರಿಸಿ ಉಂಡ ಅನ್ನಕ್ಕೆ ಲೆಕ್ಕ ಇಟ್ಟವರಿಲ್ಲ. ಎರಡು ಎಳನೀರಿನ ಲೆಕ್ಕ ಮಾತ್ರ ಎಲ್ಲರ ನಾಲಗೆಯ ಮೇಲಿದೆ. ಇದರಲ್ಲಿ ಜನರ ಕೆಡುಕುತನವೇನೂ ಇಲ್ಲ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವನನ್ನು ನಿಂತು ನೋಡುವವರು ಯಾರು? ಮರದಿಂದ ಕಳ್ಳ ಇಳಿಯುವಾಗ ಊರಿಗೆ ಊರೇ ಸೇರುತ್ತದೆ. ಹೀಗೆ ಅಡ್ಡಹೆಸರು ಹೊತ್ತು ಬಾಳುತ್ತಿರುವವರ ಪೈಕಿ ಒಂದು ಹಕ್ಕಿಯೂ ಇದೆ: ಉಷ್ಣವಲಯದ ಕಡಲುಗಳ ಮೇಲೆ ಹಾರಾಡುವ ಫ್ರಿಗೇಟ್ ಹಕ್ಕಿ. ಅದರ ಮೇಲಿನ ಕಳವಿನ ಆರೋಪಕ್ಕೆ ಐನೂರು ವರ್ಷಕ್ಕೂ ಮೀರಿದ ವಯಸ್ಸು. ಅದು ಯಾರನ್ನೂ ವಕೀಲರನ್ನಾಗಿ ನೇಮಿಸಿಕೊಂಡಿಲ್ಲ. ಕುರ್ಚಿಯಲ್ಲಿ ಕೂತು ಅದರ ಪರ ವಾದಕ್ಕೆ ಇಳಿಯುವುದು ಅಧಿಕಪ್ರಸಂಗವೇ ಸರಿ. ಆದರೆ ಫೀಸಿಲ್ಲದ ಕೇಸಿನಲ್ಲೇ ವಕೀಲರ ಗಂಟಲು ಚೆನ್ನಾಗಿ ತೆರೆದುಕೊಳ್ಳುವುದು.

ಕಕ್ಷಿದಾರನ ಚಹರೆ ಮೊದಲು. ಗಂಡಿನ ಮೈ ಬಹುಪಾಲು ಕಪ್ಪು, ಹೆಗಲ ಗರಿಗಳ ಮೇಲೆ ಬಿಸಿಲು ಬಿದ್ದಾಗ ಹಸಿರೋ ನೇರಳೆಯೋ ಹೇಳಲಾಗದ ಒಂದು ಹೊಳಪು. ಹೆಣ್ಣು ಗಂಡಿಗಿಂತ ದೊಡ್ಡದು. ಹೆಚ್ಚಿನ ಜಾತಿಗಳಲ್ಲಿ ಅದರ ಎದೆ ಬಿಳಿ. ಕೊಕ್ಕು ಉದ್ದ, ತುದಿಯಲ್ಲಿ ದೋಟಿಯ ಕೊಕ್ಕೆಯ ಹಾಗೆ ಬಾಗಿದೆ. ಬಾಲ ಕತ್ತರಿಯಂತೆ ಕವಲೊಡೆದಿದೆ, ಬೇಕಾದಾಗ ಬಿಚ್ಚುತ್ತದೆ, ಮುಚ್ಚುತ್ತದೆ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಎರಡು ಮೀಟರಿಗೂ ಹೆಚ್ಚು, ಆದರೆ ತೂಕ ಒಂದು ಹದವಾದ ನಾಟಿಕೋಳಿಯಷ್ಟು, ಒಂದೂವರೆ ಕಿಲೋ ಆಸುಪಾಸು. ಕಾಲು ಮಾತ್ರ ಎಷ್ಟು ಗಿಡ್ಡವೆಂದರೆ ಬ್ರಹ್ಮ ಮೈಯನ್ನೆಲ್ಲ ಮುಗಿಸಿ, ಕಾಲಿಡುವುದು ಮರೆತು, ಆಮೇಲೆ ಉಳಿದ ಚೂರಿನಲ್ಲಿ ತೇಪೆ ಹಚ್ಚಿದಂತಿದೆ. ಇಂಥ ಐದು ಜಾತಿಗಳಿವೆ. ಅವುಗಳಲ್ಲಿ ಒಂದನ್ನು ಇಂಗ್ಲಿಷಿನಲ್ಲಿ ‘ಗ್ರೇಟ್’ ಫ್ರಿಗೇಟ್ ಹಕ್ಕಿ ಎಂದು ಕರೆಯುತ್ತಾರೆ, ಶಾಸ್ತ್ರದ ಹೆಸರು ನೋಡಿದರೆ ‘ಫ್ರೆಗಾಟಾ ಮೈನರ್’. ದೊಡ್ಡದು ಹೇಗೆ ಚಿಕ್ಕದಾಯಿತು? 1789ರಲ್ಲಿ ಜರ್ಮನಿಯ ಗ್ಮೆಲಿನ್ ಅದಕ್ಕೆ ಹೆಸರಿಡುವಾಗ ಅದನ್ನು ಹೆಜ್ಜಾರ್ಲೆಯ ವಂಶಕ್ಕೆ ಸೇರಿಸಿ ‘ಚಿಕ್ಕ ಹೆಜ್ಜಾರ್ಲೆ’ ಎಂದು ಬರೆದ. ಆಮೇಲೆ ವಂಶ ಬದಲಾಯಿತು, ನಿಯಮದ ಪ್ರಕಾರ ‘ಚಿಕ್ಕ’ ಮಾತ್ರ ಹಾಗೇ ಉಳಿಯಿತು. ಆರಡಿ ಎತ್ತರದ ಪುಟ್ಟಸ್ವಾಮಿಗಳನ್ನೂ ಎಪ್ಪತ್ತು ದಾಟಿದ ಚಿಕ್ಕಣ್ಣಂದಿರನ್ನೂ ಕಂಡ ನಮಗೆ ಇದು ದೊಡ್ಡ ಆಶ್ಚರ್ಯವಲ್ಲ. ಹೆಸರಿಡುವವರ ಕೈಯಲ್ಲಿ ಈ ಹಕ್ಕಿಗೆ ಒಂದು ಸಲವೂ ನ್ಯಾಯ ಸಿಗಲಿಲ್ಲ ಎಂಬುದನ್ನಷ್ಟೇ ಕಡತಕ್ಕೆ ಸೇರಿಸುತ್ತೇನೆ.

ಫ್ರಿಗೇಟ್ ಎಂಬುದೂ ಹಾಗೆ ಹೊರಗಿನಿಂದ ಬಂದ ಹೆಸರೇ. ಅದು ಹಡಗಿನ ಹೆಸರು, ಬೇರೆ ಹಡಗುಗಳನ್ನು ಅಟ್ಟಿಸಿಕೊಂಡು ಹೋಗಬಲ್ಲ ವೇಗದ ಯುದ್ಧನೌಕೆ. ಫ್ರೆಂಚ್ ನಾವಿಕರು ಆ ಹೆಸರಿನಿಂದ ಕರೆದರೆ ಇಂಗ್ಲಿಷ್ ನಾವಿಕರು ಇನ್ನೂ ನೇರವಾಗಿ ‘ಯುದ್ಧನೌಕೆ ಹಕ್ಕಿ’ ಅಂದರು. ಅದಕ್ಕೂ ಹಿಂದಿನ, ಬಲು ಖ್ಯಾತ ಸಾಕ್ಷಿಯೊಬ್ಬ ಇದ್ದಾನೆ: ಕೊಲಂಬಸ್. 1492ರ ಸೆಪ್ಟೆಂಬರ್ 29ರಂದು, ಅಟ್ಲಾಂಟಿಕ್ ನಡುವೆ ಇರುವಾಗ, ಅವನು ಈ ಹಕ್ಕಿಯನ್ನು ಕಂಡ. ಸ್ಪ್ಯಾನಿಷ್ ನಾವಿಕರು ಅದಕ್ಕೆ ‘ಕವಲುಬಾಲ’ ಎಂಬ ಅರ್ಥದ ಹೆಸರಿಟ್ಟಿದ್ದರು. ಅವನ ದಿನಚರಿಯ ಮೂಲ ಪ್ರತಿ ಈಗಿಲ್ಲ, ಲಾಸ್ ಕಾಸಾಸ್ ಎಂಬ ಪಾದ್ರಿ ಮಾಡಿಟ್ಟ ಸಾರಾಂಶವಷ್ಟೇ ಉಳಿದಿದೆ. ಕೋರ್ಟಿನ ಭಾಷೆಯಲ್ಲಿ ಇದು ಕೇಳಿಕೆಯ ಸಾಕ್ಷ್ಯ. ಇರಲಿ. ಅದರಲ್ಲಿರುವ ಹೇಳಿಕೆಗಳು ಹೀಗಿವೆ. ಈ ಹಕ್ಕಿ ಬೂಬಿ ಹಕ್ಕಿಗಳನ್ನು ಹೆದರಿಸಿ, ಅವು ತಿಂದದ್ದನ್ನು ಕಕ್ಕಿಸಿ, ಅದನ್ನೇ ತಿನ್ನುತ್ತದೆ, ಬೇರೇನನ್ನೂ ತಿನ್ನುವುದಿಲ್ಲ. ಕಡಲಹಕ್ಕಿಯಾದರೂ ಕಡಲ ಮೇಲೆ ಇಳಿಯುವುದಿಲ್ಲ. ನೆಲದಿಂದ ಇಪ್ಪತ್ತು ಲೀಗಿಗಿಂತ, ಅಂದರೆ ನೂರು ಕಿಲೋಮೀಟರಿಗೆ ಸ್ವಲ್ಪ ಮೇಲ್ಪಟ್ಟ ದೂರಕ್ಕಿಂತ ಆಚೆ ಹೋಗುವುದಿಲ್ಲ. ಕೊನೆಯ ಹೇಳಿಕೆಗೆ ಪಾಟೀಸವಾಲೇ ಬೇಡ. ಅವನಿಗೆ ನೆಲ ಕಂಡದ್ದು ಅಕ್ಟೋಬರ್ 12ಕ್ಕೆ, ಇನ್ನೂ ಹದಿಮೂರು ದಿನ ಹಾಯಿ ಬಿಚ್ಚಿ ಸಾಗಿದ ಮೇಲೆ. ತಾನು ಬರೆದದ್ದು ಸುಳ್ಳೆಂದು ಅವನ ಹಡಗೇ ಸಾಬೀತು ಮಾಡಿತು. ನಡುವಿನ ಹೇಳಿಕೆ ಪೂರ್ತಿ ನಿಜ, ಇಡೀ ಕೇಸಿನ ಕೀಲಿ ಅದರಲ್ಲೇ ಇದೆ, ಆದರೆ ಸಾಕ್ಷಿಗೆ ಅದು ತಿಳಿಯಲಿಲ್ಲ. ಉಳಿದದ್ದು ಮೊದಲನೆಯದು, ‘ಬೇರೇನನ್ನೂ ತಿನ್ನುವುದಿಲ್ಲ’ ಎಂಬುದು. ಮುಂದೆ ಆ ದ್ವೀಪಗಳ ಜನರ ಪಾಲಿಗೆ ತಾನೇ ಏನಾಗಲಿದ್ದ ಎಂಬುದು ನೆನಪಾದರೆ, ಕಸಿದು ತಿನ್ನುವುದರ ಬಗ್ಗೆ ಸಾಕ್ಷಿ ಹೇಳಲು ಅವನಿಗೆ ಎಷ್ಟು ಅರ್ಹತೆ ಎಂದು ಕೇಳಬೇಕೆನಿಸುತ್ತದೆ. ಆದರೆ ಸಾಕ್ಷಿಯ ಚಾರಿತ್ರ್ಯ ಎತ್ತಿಕೊಂಡರೆ ವಾದ ಸೋತಿತೆಂದೇ ಅರ್ಥ.

ಕಳವು ನಡೆಯುವುದಂತೂ ನಿಜ, ಅದೂ ಹಾಡಹಗಲೇ. ಬೂಬಿಗಳು ದೂರದ ಕಡಲಿಗೆ ಹೋಗಿ, ಎತ್ತರದಿಂದ ಬಾಣದ ಹಾಗೆ ನೀರಿಗೆ ಧುಮುಕಿ ಮೀನು ಹಿಡಿದು, ಹೊಟ್ಟೆಯಲ್ಲಿ ತುಂಬಿಕೊಂಡು ಗೂಡಿನ ದ್ವೀಪದ ಕಡೆ ಮರಳುತ್ತಿರುತ್ತವೆ. ತುಂಬಿದ ಹೊಟ್ಟೆಯ ಹಾರಾಟ, ರೆಕ್ಕೆಬಡಿತ ಭಾರ. ಮೇಲಿನಿಂದ ಒಂದು ಕಪ್ಪು ನೆರಳು ಇಳಿಯುತ್ತದೆ. ಬೂಬಿ ಎಡಕ್ಕೆ ಹೊರಳಿದರೆ ಅದೂ ಎಡಕ್ಕೆ, ನೀರಿನ ಮೇಲ್ಮೈಗೆ ತಗ್ಗಿದರೆ ಅದೂ ತಗ್ಗುತ್ತದೆ. ಕೊಕ್ಕಿನ ಕೊಕ್ಕೆಯಿಂದ ಬೂಬಿಯ ಬಾಲವನ್ನೋ ರೆಕ್ಕೆಯ ತುದಿಯನ್ನೋ ಹಿಡಿದು ಎಳೆಯುತ್ತದೆ. ಬೂಬಿ ಕಿರುಚುತ್ತದೆ, ತೂಕ ತಪ್ಪುತ್ತದೆ, ಕಡೆಗೆ ಕಕ್ಕುತ್ತದೆ. ಅರೆ ಜೀರ್ಣವಾದ ಮೀನಿನ ಆ ಮುದ್ದೆ ಗಾಳಿಯಲ್ಲಿ ಬೀಳುತ್ತಿರುವಾಗಲೇ ಕಪ್ಪು ಹಕ್ಕಿ ಬಾಲ ಬಿಚ್ಚಿ, ಮೈ ತಿರುಚಿ, ಕೆಳಗೆ ಜಾರಿ, ನೀರು ಮುಟ್ಟುವ ಮೊದಲು ಅದನ್ನು ಕೊಕ್ಕಿನಲ್ಲಿ ಎತ್ತಿಕೊಳ್ಳುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ಬೂಬಿಗೂ ಗೊತ್ತು, ಕಟ್ಟಬೇಕಾದ್ದನ್ನು ಕಟ್ಟಿ ಮನೆ ಸೇರುತ್ತದೆ. ಇನ್ನೂ ರುಚಿಯ ಸಂಗತಿಯೆಂದರೆ ಇವೆರಡೂ ದೂರದ ದಾಯಾದಿಗಳು. ಹೆಜ್ಜಾರ್ಲೆಗಳ ನಂಟು ಕಳಚಿ ಫ್ರಿಗೇಟ್ ಹಕ್ಕಿಯನ್ನು ಈಗ ಬೂಬಿ, ನೀರುಕಾಗೆಗಳಿರುವ ಗಣಕ್ಕೆ ಸೇರಿಸಿದ್ದಾರೆ. ದಾಯಾದಿಗಳ ನಡುವಿನ ವ್ಯವಹಾರವನ್ನು ಹೊರಗಿನವರು ಕಳ್ಳತನವೆಂದು ಬರೆದುಕೊಳ್ಳಬಾರದು ಎಂದೂ ವಾದಿಸಬಹುದಿತ್ತು, ಆದರೆ ಅದು ತೀರಾ ಹಳ್ಳಿಕಟ್ಟೆಯ ವಾದವಾಯಿತು.

ಹೆಸರಿಡುವ ವಿಷಯದಲ್ಲಿ ಬೂಬಿಯ ಗತಿಯೂ ಮೇಲಲ್ಲ. ಬೂಬಿ ಎಂಬುದು ಸ್ಪ್ಯಾನಿಷಿನ ‘ಬೋಬೋ’ ಎಂಬ ಪದದಿಂದ ಬಂದದ್ದು, ಅಂದರೆ ಪೆದ್ದ. ಮನುಷ್ಯರಿಲ್ಲದ ದ್ವೀಪಗಳಲ್ಲಿ ಹುಟ್ಟಿ ಬೆಳೆದ ಹಕ್ಕಿಗೆ ಮನುಷ್ಯರ ಭಯವಿರಲಿಲ್ಲ. ಹಡಗು ಕಂಡರೆ ಬಂದು ಕೂತು ದಣಿವಾರಿಸಿಕೊಳ್ಳುತ್ತಿತ್ತು, ನಾವಿಕರು ಕೈಯಲ್ಲಿ ಹಿಡಿದು ಬೇಯಿಸಿ ತಿನ್ನುತ್ತಿದ್ದರು. 1789ರಲ್ಲಿ ‘ಬೌಂಟಿ’ ಹಡಗಿನ ದಂಗೆಯಲ್ಲಿ ದೋಣಿಗಿಳಿಸಲ್ಪಟ್ಟ ಕ್ಯಾಪ್ಟನ್ ಬ್ಲೈ ಮತ್ತವನ ಸಂಗಡಿಗರು ಹಸಿದು ಸೊರಗಿದ್ದಾಗ ಕೈಗೆ ಸಿಕ್ಕ ಬೂಬಿಯನ್ನು ಹದಿನೆಂಟು ಪಾಲು ಮಾಡಿ ಹಸಿಯಾಗಿಯೇ ತಿಂದರು. ಜೀವ ಉಳಿಸಿದವನನ್ನು ಪೆದ್ದನೆಂದು ಕರೆಯುವುದು ಹಡಗಿನ ಮೇಲಿನವರ ಪದ್ಧತಿ ಎಂದಾಯಿತು. ಇಲ್ಲಿ ಗಮನಿಸಬೇಕಾದ್ದು ಹಡಗಿನ ಕಟ್ಟೆಯನ್ನೇ. ಒಂದಕ್ಕೆ ಪೆದ್ದ, ಇನ್ನೊಂದಕ್ಕೆ ದರೋಡೆಕೋರ ಎಂದು ಹೆಸರಿಟ್ಟವರು ನಿಂತಿದ್ದ ಜಾಗ ಒಂದೇ. ಅಲ್ಲಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಕೇಳದೆ ಸಾಕ್ಷ್ಯವನ್ನು ಒಪ್ಪಿಕೊಳ್ಳುವುದು ಹೇಗೆ?

ಕಳವು ನಡೆಯುವುದು ಹಕ್ಕಿಗಳ ದ್ವೀಪದ ಅಂಚಿನಲ್ಲಿ, ಹಡಗು ಲಂಗರು ಹಾಕುವ ಕಡೆ, ಇಂದಾದರೆ ಹಕ್ಕಿ ನೋಡುವವರು ದುರ್ಬೀನು ಹಿಡಿದು ನಿಲ್ಲುವ ಕಡೆ. ದುಡಿಮೆ ನಡೆಯುವುದು ಅಲ್ಲಿಂದ ನೂರಾರು ಕಿಲೋಮೀಟರ್ ಆಚೆ, ನೋಡುವವರಿಲ್ಲದ ನಡುಗಡಲಿನಲ್ಲಿ. ಅಲ್ಲಿ ಟ್ಯೂನಾದಂಥ ದೊಡ್ಡ ಮೀನುಗಳು ಕೆಳಗಿನಿಂದ ಅಟ್ಟಿದಾಗ ಹಾರುಮೀನುಗಳು ನೀರು ಬಿಟ್ಟು ಗಾಳಿಗೆ ಚಿಮ್ಮುತ್ತವೆ. ಫ್ರಿಗೇಟ್ ಹಕ್ಕಿ ಆ ಒಂದೆರಡು ಕ್ಷಣದಲ್ಲಿ ಇಳಿದು ಗಾಳಿಯಲ್ಲೇ ಅವನ್ನು ಹಿಡಿಯುತ್ತದೆ. ನೀರಿನ ಮೇಲ್ಪದರಕ್ಕೆ ಬಂದ ಬೊಂಡಾಸನ್ನು ಕೊಕ್ಕಿನ ತುದಿಯಿಂದ ಎತ್ತುತ್ತದೆ. ನೀರಿಗೆ ಇಳಿಯುವುದು ಕೊಕ್ಕು ಮಾತ್ರ. ಇನ್ನು ಲೆಕ್ಕ. ಪೆಸಿಫಿಕ್‌ನ ಹೆಂಡರ್ಸನ್ ಎಂಬ ಜನವಿಲ್ಲದ ದ್ವೀಪದಲ್ಲಿ ಈ ಹಕ್ಕಿಗಳು ಬೂಬಿಗಳಿಂದ ಕಸಿಯುವುದನ್ನು ಕೂತು ಎಣಿಸಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಬಹಳ ಚುರುಕಿನ ಹಕ್ಕಿಗೂ ಕಳವಿನಿಂದ ಸಿಗಬಹುದಾದದ್ದು ಅದರ ಅಗತ್ಯದ ಹೆಚ್ಚೆಂದರೆ ನೂರಕ್ಕೆ 40 ಪಾಲು. ಸರಾಸರಿ ಹಕ್ಕಿಗೆ ನೂರಕ್ಕೆ 5 ಪಾಲು ಮಾತ್ರ. ಉಳಿದ ತೊಂಬತ್ತೈದು ಪಾಲು ಸ್ವಂತ ದುಡಿಮೆ. ‘ಬೇರೇನನ್ನೂ ತಿನ್ನುವುದಿಲ್ಲ’ ಎಂಬ ಹೇಳಿಕೆ ಇಷ್ಟಕ್ಕೆ ಬಂದು ನಿಂತಿತು. ಇದು ಒಂದು ದ್ವೀಪದ ಲೆಕ್ಕ, ಎಲ್ಲ ಕಡೆಗೂ ಸಲ್ಲುತ್ತದೆಯೇ ಎಂದು ಎದುರುಪಕ್ಷ ಕೇಳಿದರೆ, ಪಾಲು ಹೆಚ್ಚುಕಡಿಮೆ ಆಗಬಹುದೆಂದು ಒಪ್ಪುತ್ತೇನೆ. ಆದರೆ ಬೂಬಿಗಳ ಗೂಡೇ ಇಲ್ಲದ ನಡುಗಡಲಿನಲ್ಲಿ ವಾರಗಟ್ಟಲೆ ಹಾರುವ ಹಕ್ಕಿ ಅಷ್ಟು ದಿನ ಏನು ತಿಂದು ಬದುಕುತ್ತದೆ ಎಂಬುದಕ್ಕೆ ಅವರೂ ಉತ್ತರ ಕೊಡಬೇಕಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆಯೊಂದಿದೆ. ನಾವಿಕರು ದಾರಿಹೋಕರು, ಸರಿ. ಹಕ್ಕಿಯ ಜತೆಗೇ ಹುಟ್ಟಿ ಬೆಳೆದ ದ್ವೀಪದ ಜನ ಏನನ್ನುತ್ತಾರೆ? ಹವಾಯಿಯವರು ಅದನ್ನು ಕರೆಯುವುದು ‘ಇವಾ’ ಎಂದು. ಇವಾ ಅಂದರೆ ಕಳ್ಳ. ಇಲ್ಲಿ ವಕೀಲನ ಮುಖ ಸ್ವಲ್ಪ ಸಪ್ಪಗಾಗಬೇಕು. ಆದರೆ ಅದೇ ಹವಾಯಿ ಭಾಷೆಯಲ್ಲಿ ನೋಡಲು ಚೆಂದವಾದವರನ್ನೂ ಇವಾ ಎನ್ನುತ್ತಾರೆ. ಬೆಣ್ಣೆ ಕದ್ದವನನ್ನು ಕಳ್ಳ ಕೃಷ್ಣ ಎಂದು ಕರೆದು ತೊಟ್ಟಿಲು ತೂಗುವ ನಮಗೆ, ಕಳ್ಳ ಎಂಬ ಪದ ಎಲ್ಲ ಬಾಯಲ್ಲೂ ಒಂದೇ ತೂಕದ್ದಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಪೆಸಿಫಿಕ್‌ನ ಕಿರಿಬಾಟಿ ದೇಶ 1979ರಲ್ಲಿ ಸ್ವತಂತ್ರವಾದಾಗ ಬಾವುಟದ ಮೇಲೆ, ಅಲೆಗಳಿಂದ ಮೇಲೇಳುವ ಸೂರ್ಯನಿಗಿಂತಲೂ ಎತ್ತರದಲ್ಲಿ, ಇದೇ ಹಕ್ಕಿಯನ್ನು ಹಾರಿಸಿತು. ನೌರು ದ್ವೀಪದಲ್ಲಿ ಇದನ್ನು ಹಿಡಿದು ಪಳಗಿಸುವುದೇ ಗಂಡಸರ ದೊಡ್ಡ ಆಟವಾಗಿತ್ತು. ದ್ವೀಪದವರು ಕಳವನ್ನೂ ಕಂಡಿದ್ದರು, ಉಳಿದದ್ದನ್ನೂ ಕಂಡಿದ್ದರು.

ಈಗ ಸಾಕ್ಷಿ ಹೇಳಿದ ಆ ನಿಜದ ಮಾತಿಗೆ ಬರೋಣ: ಕಡಲ ಮೇಲೆ ಇಳಿಯುವುದಿಲ್ಲ. ಯಾಕೆ ಇಳಿಯುವುದಿಲ್ಲ ಎಂದು ಒಂದು ಪ್ರಶ್ನೆ ಕೇಳಿದ್ದರೆ ಕೇಸು ಅಲ್ಲೇ ತಿರುಗುತ್ತಿತ್ತು. ಬಾತುಕೋಳಿಯ ಬೆನ್ನ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳಿಹೋಗುತ್ತದೆ; ಅದು ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಮೈಗೆಲ್ಲ ಹಚ್ಚಿಕೊಳ್ಳುತ್ತದೆ. ಫ್ರಿಗೇಟ್ ಹಕ್ಕಿಯ ಆ ಗ್ರಂಥಿ ತೀರಾ ಸಣ್ಣದು. ಗರಿ ನೀರು ಕುಡಿಯುತ್ತದೆ. ಕಡಲಿಗೆ ಬಿದ್ದರೆ ಒದ್ದೆಯಾಗುತ್ತದೆ, ಭಾರವಾಗುತ್ತದೆ. ನೀರನ್ನು ಒದ್ದು ಓಡಿ ಮೇಲೇಳೋಣವೆಂದರೆ ಕಾಲಿಗೆ ಬಲವಿಲ್ಲ, ಬೆರಳುಗಳ ನಡುವೆ ಪೊರೆಯೂ ಅಷ್ಟಕ್ಕಷ್ಟೆ. ಕಡಲನ್ನೇ ನಂಬಿದ ಹಕ್ಕಿಗೆ ಕಡಲೇ ಮೃತ್ಯು. ನನ್ನ ವಾದ ಇಷ್ಟೇ: ಇದರ ನಡತೆಯನ್ನು ಗುಣದಿಂದ ಅಳೆಯಬಾರದು, ಗರಿಯಿಂದ ಅಳೆಯಬೇಕು. ನೀರು ತಾಗಿದರೆ ಕೆಡುವ ಗರಿ ಹೊತ್ತು ಕಡಲಲ್ಲಿ ಬಾಳಬೇಕಾದವರು ಹೇಗೆಲ್ಲ ಬಾಳಬೇಕೋ ಹಾಗೆಲ್ಲ ಅದು ಬಾಳುತ್ತಿದೆ. ಕಳವು ಆ ಖಾತೆಯಲ್ಲಿ ಒಂದು ಸಣ್ಣ ಬಾಬತ್ತು. ಮೀನು ಇರುವುದು ನೀರಿನೊಳಗೆ. ಬೂಬಿಯಂತೆ ಧುಮುಕುವ ಹಾಗಿಲ್ಲ, ನೀರುಕಾಗೆಯಂತೆ ಮುಳುಗುವ ಹಾಗಿಲ್ಲ. ಹಾಗಾದರೆ ನೀರಿನಿಂದ ಹೊರಬಂದ ಮೀನನ್ನೇ ಕಾಯಬೇಕು. ತಾನಾಗಿ ಚಿಮ್ಮಿದ ಹಾರುಮೀನು ಒಂದು ಬಗೆ, ಬೂಬಿಯ ಹೊಟ್ಟೆಯಲ್ಲಿ ಕೂತು ಮೇಲೆ ಬಂದ ಮೀನು ಇನ್ನೊಂದು ಬಗೆ. ಹಕ್ಕಿಯ ಕಣ್ಣಿಗೆ ಎರಡರ ನಡುವೆ ಎಷ್ಟು ವ್ಯತ್ಯಾಸವೋ ಹೇಳುವುದು ಕಷ್ಟ.

ಒಪ್ಪದವರು ಎರಡು ಕಡೆಯಿಂದ ಬರಬಹುದು. ಗಲಾಪಗೋಸ್‌ನ ಎಲ್ ಹುಂಕೊ ಎಂಬ ಸಿಹಿನೀರಿನ ಕೆರೆಗೆ ಈ ಹಕ್ಕಿಗಳು ಸ್ನಾನಕ್ಕೆಂದೇ ಬರುತ್ತವಲ್ಲ, ಒದ್ದೆಯಾಗಲಾರದವಕ್ಕೆ ಸ್ನಾನವೇಕೆ ಎಂದು ಒಬ್ಬರು. ಬರುತ್ತವೆ, ನಿಜ. ಆದರೆ ಕೂರುವುದಿಲ್ಲ, ಹಾರುತ್ತಲೇ ಹೊಟ್ಟೆಯನ್ನು ನೀರಿಗೆ ಸೋಕಿಸಿ, ಮೇಲೇರಿ, ಗಾಳಿಯಲ್ಲೇ ನಾಯಿಯ ಹಾಗೆ ಮೈ ಕೊಡವಿ ಉಪ್ಪು ತೊಳೆದುಕೊಂಡು ಹೋಗುತ್ತವೆ. ಅದು ಸ್ನಾನಕ್ಕಿಂತ ಪ್ರೋಕ್ಷಣೆಗೆ ಹತ್ತಿರ. ಇನ್ನೊಬ್ಬರು, ಗರಿ ಒದ್ದೆಯಾಗುವ ಹಕ್ಕಿ ನಮ್ಮ ಕೆರೆಯಲ್ಲೇ ಇದೆ, ಅದೇನೂ ಕಸಿದು ತಿನ್ನುವುದಿಲ್ಲ ಎನ್ನಬಹುದು. ಅದು ನೀರುಕಾಗೆಯ ಮಾತು. ಕೆರೆಯ ನಡುವಿನ ಒಣಮರದ ಮೇಲೆ, ಒಗೆದು ಹರವಿದ ಕರಿ ಕೋಟಿನಂತೆ ರೆಕ್ಕೆ ಬಿಚ್ಚಿ ನಿಂತಿರುತ್ತದೆ. ಅದರ ಗರಿ ನೆನೆಯುವುದು ಹೌದು, ಆದರೆ ಆ ನೆನೆಯುವಿಕೆ ಅದಕ್ಕೆ ಲಾಭ, ಒದ್ದೆ ಮೈ ಸುಲಭವಾಗಿ ಮುಳುಗುತ್ತದೆ. ಬಲವಾದ ಕಾಲಿದೆ, ಈಜಿ ದಡ ಸೇರುತ್ತದೆ, ಹತ್ತಿರದಲ್ಲೇ ಮರವಿದೆ. ಒಂದೇ ದೋಷ ಒಬ್ಬ ದಾಯಾದಿಗೆ ವೃತ್ತಿಯಾಯಿತು, ಇನ್ನೊಬ್ಬನಿಗೆ ನೀರಿನ ಬಾಗಿಲು ಮುಚ್ಚಿತು.

ನೀರಿನ ಬಾಗಿಲು ಮುಚ್ಚಿದ್ದಕ್ಕೆ ಸಿಕ್ಕ ಬದಲಿ ಗಾಳಿ. ಈ ಹಕ್ಕಿಯ ಟೊಳ್ಳು ಎಲುಬುಗಳೆಲ್ಲ ಸೇರಿ ಮೈತೂಕದ ನೂರಕ್ಕೆ ಐದು ಪಾಲು. ತಕ್ಕಡಿಯ ಒಂದು ತಟ್ಟೆಗೆ ಎಲುಬನ್ನೂ ಇನ್ನೊಂದಕ್ಕೆ ಗರಿಯನ್ನೂ ಹಾಕಿದರೆ ಗರಿಯ ತಟ್ಟೆಯೇ ಕೆಳಗಿಳಿಯುತ್ತದೆ. ಇಷ್ಟು ಹಗುರ ಮೈಗೆ ಅಷ್ಟು ದೊಡ್ಡ ರೆಕ್ಕೆ. ನಮ್ಮ ಊರಿನ ಹದ್ದು ಬೆಳಗ್ಗೆ ಬೇಗ ಎತ್ತರಕ್ಕೆ ಹೋಗುವುದಿಲ್ಲ, ಬಿಸಿಲೇರಿ ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ಕಾಯುತ್ತದೆ. ಸಂಜೆ ನೆಲ ತಣಿದರೆ ಅಂಗಡಿ ಬಂದ್. ಉಷ್ಣವಲಯದ ಕಡಲಿನ ಲೆಕ್ಕ ಬೇರೆ. ವಾಣಿಜ್ಯ ಮಾರುತಗಳು ಬೀಸುವ ಕಡೆ ನೀರು ತನ್ನ ಮೇಲಿನ ಗಾಳಿಗಿಂತ ಬೆಚ್ಚಗಿರುವುದರಿಂದ ಹಗಲೂ ರಾತ್ರಿಯೂ ಬಿಸಿಗಾಳಿ ಮೇಲೇಳುತ್ತಲೇ ಇರುತ್ತದೆ. ಫ್ರಿಗೇಟ್ ಹಕ್ಕಿ ಅದನ್ನು ಹಿಡಿದು ಸುತ್ತುತ್ತ ಏರುತ್ತದೆ, ಏರಿದ ಎತ್ತರವನ್ನು ಜಾರುತ್ತ ಖರ್ಚು ಮಾಡುತ್ತದೆ, ಮುಂದಿನ ಮೋಡದ ಬುಡದಲ್ಲಿ ಮತ್ತೆ ಏರುತ್ತದೆ. ಮೊಜಾಂಬಿಕ್ ಕಾಲುವೆಯ ಯೂರೋಪಾ ದ್ವೀಪದ ಹಕ್ಕಿಗಳಿಗೆ ಉಪಕರಣ ಕಟ್ಟಿ ಹಿಂಬಾಲಿಸಿದ ಫ್ರೆಂಚ್ ವಿಜ್ಞಾನಿ ಆನ್ರಿ ವೈಮರ್‌ಸ್ಕರ್ಶ್ ಮತ್ತು ಸಂಗಡಿಗರು 2016ರಲ್ಲಿ ಕೊಟ್ಟ ವರದಿಯ ಪ್ರಕಾರ ಮರಿ ವಯಸ್ಸಿನ ಹಕ್ಕಿಗಳು ಎರಡು ತಿಂಗಳವರೆಗೂ ಗಾಳಿಯಲ್ಲೇ ಇರಬಲ್ಲವು. ದಿನಕ್ಕೆ ಸರಾಸರಿ ನಾನೂರು ಕಿಲೋಮೀಟರಿಗೂ ಹೆಚ್ಚು ಪಯಣ. ಭೂಮಧ್ಯರೇಖೆಯ ಬಳಿ ಗಾಳಿ ಸತ್ತುಹೋದ ವಲಯವೊಂದಿದೆ, ಹಾಯಿಹಡಗಿನವರಿಗೆ ಸಿಂಹಸ್ವಪ್ನವಾಗಿದ್ದದ್ದು. ಹಕ್ಕಿಗಳು ಅದರ ಒಳಹೋಗದೆ ಅಂಚು ಹಿಡಿದು ಸುತ್ತು ಹಾಕುತ್ತವೆ. ಕೆಲವೊಮ್ಮೆ ಮೋಡದ ಹೊಟ್ಟೆಗೇ ನುಗ್ಗಿ ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ಏರುತ್ತವೆ. ಇಪ್ಪತ್ತು ಲೀಗಿನ ಸಾಕ್ಷಿ ಇದನ್ನು ಕೇಳಿಸಿಕೊಳ್ಳಬೇಕಿತ್ತು.

ಎರಡು ತಿಂಗಳು ಇಳಿಯದಿದ್ದರೆ ನಿದ್ದೆ? 2016ರಲ್ಲೇ ನೀಲ್ಸ್ ರಾಟನ್‌ಬರ್ಗ್ ಎಂಬವರ ತಂಡ ಗಲಾಪಗೋಸ್‌ನ ಹೆನೊವೆಸಾ ದ್ವೀಪದ ಹೆಣ್ಣುಹಕ್ಕಿಗಳ ತಲೆಗೆ ಪುಟ್ಟ ಯಂತ್ರ ಕಟ್ಟಿ ಮಿದುಳಿನ ಅಲೆಗಳನ್ನು ದಾಖಲಿಸಿತು. ಹತ್ತು ದಿನಗಳವರೆಗಿನ ಹಾರಾಟದಲ್ಲಿ ಅವು ನಿದ್ದೆ ಮಾಡಿದ್ದು ದಿನಕ್ಕೆ ಸರಾಸರಿ 42 ನಿಮಿಷ, ಅದೂ ಚೂರುಚೂರಾಗಿ, ರಾತ್ರಿ, ಹೆಚ್ಚಾಗಿ ಗಾಳಿಯ ಸುಳಿಯಲ್ಲಿ ಮೇಲೇರುತ್ತಿರುವಾಗ. ಬಹುಪಾಲು ಮಿದುಳಿನ ಒಂದು ಅರ್ಧ ಮಲಗಿದರೆ ಇನ್ನೊಂದು ಅರ್ಧ ಎಚ್ಚರ, ಸುತ್ತು ಹೊಡೆಯುತ್ತಿರುವ ದಿಕ್ಕಿನ ಕಣ್ಣು ತೆರೆದೇ ಇರುತ್ತದೆ. ಆಗೀಗ ಎರಡೂ ಅರ್ಧ ಮಲಗಿದರೂ ಹಕ್ಕಿ ಬೀಳಲಿಲ್ಲ. ದ್ವೀಪಕ್ಕೆ ಬಂದ ಮೇಲೆ ಅದೇ ಹಕ್ಕಿಗಳು ದಿನಕ್ಕೆ ಹನ್ನೆರಡು ಗಂಟೆಗೂ ಮಿಕ್ಕಿ ಮಲಗಿದವು. ರಾತ್ರಿ ಬಸ್ಸಿನಲ್ಲಿ ಕಿಟಕಿಗೆ ತಲೆ ಬಡಿಸಿಕೊಳ್ಳುತ್ತ ಊರು ಸೇರಿ, ಮರುದಿನ ಮಧ್ಯಾಹ್ನದವರೆಗೆ ಹೊದ್ದು ಮಲಗುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಈ ವಿವರಗಳನ್ನು ಓದಿದವರು ಕಳ್ಳ ಎಂಬ ಹೆಸರನ್ನು ಹರಿದು ಹಾಕಿ, ಬಾನಿನ ರಾಜ, ಸ್ವಾತಂತ್ರ್ಯದ ಮೂರ್ತಿ ಎಂದು ಹಾಡತೊಡಗುತ್ತಾರೆ. ಈ ವಕಾಲತ್ತಿನಲ್ಲಿ ಅದಕ್ಕೂ ತಕರಾರಿದೆ. ಕೂರಲು ಜಾಗವಿಲ್ಲದ್ದಕ್ಕೆ ನಿಂತಿರುವವನನ್ನು ನಿಲ್ಲುವುದೇ ಅವನ ವ್ರತ ಎಂದು ಹೊಗಳಿದಂತೆ ಅದು. ನಲವತ್ತೆರಡು ನಿಮಿಷದ ನಿದ್ದೆಯನ್ನು ಯಾವ ರಾಜ ಬೇಡಿ ಪಡೆದಾನು?

ರಾಜನ ವೇಷ ಅದು ಹಾಕುವುದು ನೆಲಕ್ಕೆ ಬಂದಾಗ. ಮರಿಮಾಡುವ ಕಾಲದಲ್ಲಿ ಗಂಡುಗಳು ಪೊದೆಗಳ ನೆತ್ತಿಯಲ್ಲಿ ಗುಂಪಾಗಿ ಕೂತು ಕುತ್ತಿಗೆಯ ಕೆಂಪು ಚೀಲಕ್ಕೆ ಗಾಳಿ ತುಂಬುತ್ತವೆ. ಒಂದೇ ಸಲಕ್ಕೆ ಆಗುವ ಕೆಲಸವಲ್ಲ, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಬೇರೆ ದಿನಗಳಲ್ಲಿ ಗಂಟಲ ಕೆಳಗಿನ ಸುಕ್ಕು ಚರ್ಮವಾಗಿದ್ದದ್ದು ಕಡೆಗೆ ಜಾತ್ರೆಯ ಬಲೂನಿನಷ್ಟಾಗಿ, ಕೊಕ್ಕು ಇಡಲೂ ಜಾಗವಿಲ್ಲದೆ ತಲೆ ಹಿಂದಕ್ಕೆ ವಾಲುತ್ತದೆ. ಆಕಾಶದಲ್ಲಿ ಹೆಣ್ಣು ಹಾದದ್ದೇ ಅಷ್ಟೂ ಬಲೂನುಗಳು ಅತ್ತ ತಿರುಗುತ್ತವೆ, ರೆಕ್ಕೆ ಹರಡಿ ನಡುಗುತ್ತವೆ, ಕೊಕ್ಕು ಕಟಕಟಿಸುತ್ತ ಡೋಲಿನಂಥ ದನಿ ತೆಗೆಯುತ್ತವೆ. ಹೆಣ್ಣು ಮೇಲಿನಿಂದಲೇ ನೋಡಿಕೊಂಡು, ಒಪ್ಪಿಗೆಯಾದರೆ ಇಳಿಯುತ್ತದೆ. ಮೊಟ್ಟೆ ಒಂದೇ. ಸುಮಾರು ಐವತ್ತೈದು ದಿನ ಇಬ್ಬರೂ ಸರದಿಯಲ್ಲಿ ಕಾವು ಕೊಡುತ್ತಾರೆ. ಮರಿ ಸ್ವಲ್ಪ ದೊಡ್ಡದಾಗುವ ಹೊತ್ತಿಗೆ ಅಪ್ಪ ಕಡಲ ಕಡೆ ಹೊರಟುಹೋಗುತ್ತಾನೆ. ಮುಂದಿನ ಹೊಣೆಯೆಲ್ಲ ತಾಯಿಯದು, ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹಕ್ಕಿಗಳ ಲೋಕದಲ್ಲಿ ಇಷ್ಟು ದೀರ್ಘ ಸಾಕಣೆ ಬಲು ಅಪರೂಪ. ಗಾಳಿಯಲ್ಲಿ ಮೀನು ಹಿಡಿಯುವ ವಿದ್ಯೆ ಬೇಗ ಬರುವಂಥದಲ್ಲ. ಹಾರಲು ಕಲಿತ ಮರಿಗಳು ಕಡ್ಡಿಯೊಂದನ್ನು ಮೇಲಿನಿಂದ ಬಿಟ್ಟು, ಬೀಳುವ ಮೊದಲೇ ಹಿಡಿದು, ಮತ್ತೆ ಬಿಟ್ಟು ತಾಲೀಮು ಮಾಡುತ್ತವೆ. ಬೂಬಿಗಳನ್ನು ಅಟ್ಟುವುದರಲ್ಲಿ ಹೆಣ್ಣುಗಳೇ ಮುಂದು ಎಂದು ಮೆಕ್ಸಿಕೊದ ಇಸಬೆಲ್ ದ್ವೀಪದಲ್ಲಿ ಗಮನಿಸಿದವರು ಬರೆದಿದ್ದಾರೆ. ಹಾಗಾದರೆ ಕಡಲಗಳ್ಳ ಎಂಬ ಪದಕ್ಕೇ ತಿದ್ದುಪಡಿ ಬೇಕು, ಕಳ್ಳಿ ಎನ್ನಬೇಕು. ವರ್ಷವಿಡೀ ಬಾಯಿ ತೆರೆದು ಕಾಯುವ ಮರಿಯೊಂದು ಮನೆಯಲ್ಲಿದೆ ಎಂಬುದನ್ನೂ ಪಕ್ಕದಲ್ಲೇ ನಮೂದಿಸಬೇಕು.

ಕಕ್ಷಿದಾರ ಸಾಧುವೆಂದು ಮಾತ್ರ ನಾನು ಹೇಳಲಾರೆ. ಅಕ್ಕಪಕ್ಕದ ಗೂಡಿನಿಂದ ಕಡ್ಡಿ ಎಗರಿಸುತ್ತದೆ. ರೀವ ಹಕ್ಕಿಗಳ ಮರಿಗಳನ್ನು ತಾಯಿ ಅತ್ತ ತಿರುಗಿದಾಗ ಎತ್ತಿಕೊಂಡು ನುಂಗುತ್ತದೆ. ಇವನ್ನೂ ಗರಿಯ ಲೆಕ್ಕಕ್ಕೇ ಹಾಕುತ್ತೀರಾ ಎಂದರೆ ಹೌದು, ಹಾಕುತ್ತೇನೆ: ಕಡ್ಡಿ ಹೆಕ್ಕಲು ಅದು ನೆಲದಲ್ಲಿ ನಡೆಯಲಾರದು, ಹಾರುತ್ತಲೇ ಕೊಕ್ಕಿಗೆ ಎಟಕುವುದು ಮುರಿಯಬಹುದಾದ ಒಣ ಕೊಂಬೆ, ಇಲ್ಲವೇ ನೆರೆಯವನ ಗೂಡು. ಕಾಲಿಲ್ಲದ ಈ ಸಂಕಟ ಅಟ್ಲಾಂಟಿಕ್‌ನ ಅಸೆನ್ಶನ್ ದ್ವೀಪದಲ್ಲಿ ದುಬಾರಿಯಾಯಿತು. ಅಲ್ಲಿಗೆ ಮಾತ್ರ ಸೇರಿದ ಜಾತಿಯೊಂದಿದೆ. 1815ರಲ್ಲಿ ಬ್ರಿಟಿಷರು ನೆಲೆಸಿದಾಗ ಬಂದ ಬೆಕ್ಕುಗಳು ಕಾಡುಬೆಕ್ಕುಗಳಾಗಿ, ನೆಲದ ಮೇಲೆ ಗೂಡು ಕಟ್ಟುತ್ತಿದ್ದ ಹಕ್ಕಿಗಳನ್ನು ಮುಗಿಸಿದವು. ಉಳಿದವು ಪಕ್ಕದ ಒಂದು ಬಂಡೆದ್ವೀಪಕ್ಕೆ ಒತ್ತಲ್ಪಟ್ಟವು. ಬೆಕ್ಕುಗಳು ಪೂರ್ತಿ ಹೋದುವೆಂದು 2006ರಲ್ಲಿ ಸಾರಿದ ಮೇಲೂ ಹಕ್ಕಿಗಳು ಅವಸರ ಮಾಡಲಿಲ್ಲ. ದೊಡ್ಡ ದ್ವೀಪದಲ್ಲಿ ಮತ್ತೆ ಗೂಡು ಕಂಡದ್ದು 2012ರಲ್ಲಿ.

ನಮ್ಮ ಪಶ್ಚಿಮ ಕರಾವಳಿಗೂ ಇವು ಆಗೀಗ ಬರುತ್ತವೆ, ಬರುತ್ತವೆ ಎನ್ನುವುದಕ್ಕಿಂತ ಮಳೆಗಾಲದ ಬಿರುಗಾಳಿ ತಂದು ಎಸೆಯುತ್ತದೆ ಎನ್ನಬೇಕು. ಮೀನುಗಾರಿಕೆ ನಿಂತು ದೋಣಿಗಳು ದಡ ಹತ್ತಿರುವ ದಿನಗಳಲ್ಲಿ, ಅಬ್ಬರದ ನೊರೆಯ ಮೇಲೆ ಕವಲುಬಾಲದ ಒಂದು ಕಪ್ಪು ಹಕ್ಕಿ ರೆಕ್ಕೆ ಬಡಿಯದೆ ನಿಂತಂತೆ ತೇಲುತ್ತಿದ್ದರೆ ಅದು ದಾರಿ ತಪ್ಪಿದ ಇದೇ ಆಸಾಮಿ. ಕೆಲವು ಹಾಗೇ ತಿರುಗಿ ಹೋಗುತ್ತವೆ, ದಣಿದವು ಮರಳಿನ ಮೇಲೆ ಬೀಳುತ್ತವೆ. ಕಂಡವರಿಗೆ ಕರುಣೆ ಬಂದು, ಕಡಲಹಕ್ಕಿಯಲ್ಲವೇ, ಕಡಲಿಗೆ ಬಿಟ್ಟರೆ ಬದುಕಿಕೊಳ್ಳುತ್ತದೆ ಎಂದು ಅಲೆಗಳಿಗೆ ಹಾಕಿದರೆ ಮುಗಿಯಿತು. ಹೆಸರನ್ನು ನಂಬಿ ಮಾಡುವ ಉಪಕಾರ ಅದು. ಸಮತಟ್ಟು ಮರಳಿನಿಂದಲೂ ಅದು ಏಳಲಾರದು, ಆ ಗಿಡ್ಡ ಕಾಲುಗಳಲ್ಲಿ ಓಡಿ ನೆಗೆಯುವ ಶಕ್ತಿಯಿಲ್ಲ. ಬಲ್ಲವರ ಕೈಸೇರಿ, ಹೊಟ್ಟೆಗಿಷ್ಟು ಮೀನು ಬಿದ್ದು, ಗರಿ ಒಣಗಿ ಸುಧಾರಿಸಿಕೊಂಡ ಮೇಲೆ ಅದಕ್ಕೆ ಬೇಕಾದದ್ದು ಒಂದಿಷ್ಟು ಎತ್ತರ: ಬಂಡೆಯ ಅಂಚೋ, ತಾರಸಿಯ ಗೋಡೆಯೋ, ಮುಖ ಕಡಲ ಗಾಳಿಗೆ. ಅಲ್ಲಿ ಕೂರಿಸಿ ಹಿಂದೆ ಸರಿದರೆ ಅದು ರೆಕ್ಕೆ ಬಡಿಯುವ ಗೋಜಿಗೂ ಹೋಗುವುದಿಲ್ಲ, ಸುಮ್ಮನೆ ಬಿಚ್ಚುತ್ತದೆ. ಉಳಿದ ಕೆಲಸ ಗಾಳಿಯದು.